ಐವಿಯವರ ನಾಲ್ಕು ಬೆಂಕಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಿಳಿ ಮಗ್ ಇದೆ. ಅದರಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಒಗ್ಗರಣೆ ಸೌಟು, ಕಡೆಗೋಲು, ಮೂತಿ ಮುರಿದ ಒಂದು ಕತ್ತರಿ ಅದರೊಳಗೆ ನಿಂತಿರುತ್ತವೆ. ಮಗ್ಗಿನ ಮೇಲೆ ಎಪ್ಪತ್ತನೆಯ ಹುಟ್ಟುಹಬ್ಬದ ಶುಭಾಶಯ ಅಚ್ಚಾಗಿದೆ. ಯಾರಿಗೆ ಶುಭಾಶಯ ಎನ್ನುವ ಜಾಗದಲ್ಲಿ ಮಾತ್ರ ಹೆಸರಿಲ್ಲ, ಒಂದು ಖಾಲಿ ಚೌಕವಿದೆ. ಮನೆಗೆ ಬಂದವರು ಅದನ್ನು ತಿರುಗಿಸಿ ನೋಡಿ, "ಇದೇನ್ ಸಾರ್, ಹೆಸರು ನೀವೇ ತುಂಬಿಸ್ಕೊಳ್ಳಿ ಅಂತಾನಾ?" ಎಂದು ಕೇಳುತ್ತಾರೆ. ಹೇಳಲು ಹೊರಟರೆ ಕಥೆ ದಂಟಿನ ಸೊಪ್ಪಿನಿಂದ ಶುರುವಾಗಿ ಚೀನಾದ ಒಂದು ಗುಡ್ಡದ ತನಕ ಹೋಗುತ್ತದೆ. ಬಂದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ನಿಮಗಿದೆ ಎಂದುಕೊಂಡು ಹೇಳುತ್ತೇನೆ.

ನಾವಿರುವುದು ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ. ಹೆಂಡತಿ ವಸುಧಾ ಡಾಕ್ಟರು, ದಿನಾ ಬ್ಯೂಮಾಂಟ್ ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋಗುತ್ತಾಳೆ. ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಎಂದರೆ, ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ಈ ಅಭ್ಯಾಸ ಮನೆಯಲ್ಲೂ ಮುಂದುವರಿದು ಸಾರಿನ ಉಪ್ಪಿನ ತನಕ ಬಂದಾಗ ವಸುಧಾ ನನ್ನನ್ನು ಹೊರಗೆ ಅಟ್ಟಿದಳು. ಹಾಗೆ ನಾನು ಹೋಗಿ ಸೇರಿದ್ದು ಅಲಾಟ್‌ಮೆಂಟಿಗೆ. ಊರಿನವರಿಗೆ ತರಕಾರಿ ಬೆಳೆದುಕೊಳ್ಳಲು ತುಂಡು ತುಂಡಾಗಿ ಹಂಚಿದ ಜಮೀನಿಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಹಿತ್ತಿಲಿಗಿಂತ ತುಸು ದೊಡ್ಡದು, ನಮ್ಮ ಆಸೆಗಿಂತ ತುಂಬಾ ಚಿಕ್ಕದು.

ಪ್ಲಾಸ್ಟಿಕ್ ಹೊದಿಸಿದ ಗುಡಾರದೊಳಗೆ ನಾನು ಕೆಂಪು ದಂಟು ಹಾಕಿದ್ದೆ. ಒಂದು ಬೆಳಿಗ್ಗೆ ಪಕ್ಕದ ತುಂಡಿನ ಹೆಂಗಸು ನೇರ ಒಳಗೆ ಬಂದು, ಹೇಳದೆ ಕೇಳದೆ ಒಂದು ಎಲೆ ಕಿತ್ತು, ಮೂಸಿ, ಬಾಯಿಗೆ ಹಾಕಿಕೊಂಡರು. ಕುಳ್ಳಗಿನ ದೇಹ, ಗಂಡಸರ ಮಳೆಕೋಟು, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ.

"ಬೆಳ್ಳುಳ್ಳಿ ಹಾಕಿ ಹುರೀತೀಯಾ?" ಎಂದರು.

"ಇಲ್ಲ, ಬೇಳೆ ಹಾಕಿ ಹುಳಿ ಮಾಡ್ತೀವಿ."

"ಪಾಪ," ಎಂದರು. ಪಾಪ ಎಂದದ್ದು ನನಗೋ ಸೊಪ್ಪಿಗೋ ಗೊತ್ತಾಗಲಿಲ್ಲ.

ಅವರೇ ಐವಿ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುವುದು, ಇಲ್ಲಿ ನನಗೆ ಕೇಳಿಸಿದ ಹಾಗೆ ಕನ್ನಡಕ್ಕೆ ತಂದಿದ್ದೇನೆ. ಶಾಂಘಾಯ್‌ನಿಂದ ಕೆಳಗೆ ಎಲ್ಲೋ ಒಂದು ರೇಷ್ಮೆ ಗಿರಣಿಯ ಊರಿನವರು. ನಡುವಯಸ್ಸಿನಲ್ಲಿ ಗಂಡನ ಜೊತೆ ಇಲ್ಲಿಗೆ ಬಂದವರು. ಒಂದು ಶಾಲೆಯ ಲ್ಯಾಬಿನಲ್ಲಿ ಮಕ್ಕಳಿಗೆ ಆ್ಯಸಿಡ್ಡು, ಪ್ರಣಾಳ ಜೋಡಿಸಿಕೊಡುತ್ತಿದ್ದು ನಿವೃತ್ತರಾಗಿದ್ದಾರೆ. ಗಂಡ ಈಗಿಲ್ಲ, ಮಕ್ಕಳಿಲ್ಲ. ಅವರೂ ದಂಟೇ ಬೆಳೆಯುತ್ತಿದ್ದರು. ಮಾರನೆಯ ವಾರ ಅಲಾಟ್‌ಮೆಂಟಿನ ಕಾರ್ಯದರ್ಶಿ ಡೆಕ್ಲನ್, ನಮಗೆ ಉಪಕಾರ ಮಾಡೋಣವೆಂದು, ಇಬ್ಬರ ಗುಡಾರದಿಂದಲೂ ಆ ಕೆಂಪು ಕಳೆಯನ್ನು ಬೇರುಸಹಿತ ಕಿತ್ತು ಹಾಕಿದ. "ಯೂ ಆರ್ ಗ್ರ್ಯಾಂಡ್ ನೌ, ಷೇಮಸ್!" ಎಂದು ಬೆನ್ನು ತಟ್ಟಿದ. ನಾನೂ ಐವಿಯವರೂ ಒಂದೇ ಸಮಾಧಿಯ ಮುಂದೆ ನಿಂತವರಂತೆ ಖಾಲಿ ಮಣ್ಣನ್ನು ನೋಡಿದೆವು. ಸ್ನೇಹ ಅಲ್ಲಿ ಕುದುರಿತು.

ಷೇಮಸ್ ಎಂದರೆ ನಾನೇ. ನನ್ನ ಹೆಸರು ಘನಶ್ಯಾಮ. ಡೆಕ್ಲನ್ನನ ನಾಲಿಗೆ ಘನದ ಹತ್ತಿರ ಸುಳಿಯುವುದಿಲ್ಲ, ಶ್ಯಾಮವನ್ನು ಹಿಡಿದು ತನ್ನ ದೇಶದ ಗಂಡಸರ ಹೆಸರು ಮಾಡಿಕೊಂಡಿದ್ದಾನೆ. ಹೀಗೇ ಒಂದು ದಿನ ಗುಡಾರದಲ್ಲಿ ಮಳೆ ನಿಲ್ಲಲೆಂದು ಕೂತಿದ್ದಾಗ ನಾನು ಕೇಳಿದೆ. "ಐವಿ ಅನ್ನೋದು ನಿಮ್ಮ ನಿಜವಾದ ಹೆಸರಾ?"

"ಷೇಮಸ್ ನಿನ್ನ ನಿಜವಾದ ಹೆಸರಾ?" ಎಂದು ಅವರು ನನ್ನ ನೋಟ್‌ಬುಕ್ ಎಳೆದುಕೊಂಡರು. ಬಲಗೈ ಬಳ್ಳಿಯ ಹಾಗೆ ನಡುಗುತ್ತಿತ್ತು. ಎರಡು ವರ್ಷದಿಂದ ಹೀಗೆ, ಬೀಜವನ್ನೂ ಚಮಚದಲ್ಲಿ ಬಿತ್ತುತ್ತೇನೆ ಎಂದರು. ಹೇಗೋ ಗೀಚಿದ್ದು ನನಗೆ ಅರ್ಥವಾಗಲಿಲ್ಲ. ಕೊನೆಗೆ ನನ್ನ ಫೋನಿನಲ್ಲಿ ಹುಡುಕಿ ತೋರಿಸಿದರು. 燚.

ಚೀನೀ ಲಿಪಿಯಲ್ಲಿ ಒಂದು ಬೆಂಕಿ ಎಂದರೆ ಕಾಲಗಲಿಸಿ ನಿಂತ ಒಬ್ಬ ಮನುಷ್ಯ, ಅವನ ಎರಡು ಪಕ್ಕದಲ್ಲಿ ಎರಡು ಕಿಡಿ. ಅದು ನಾಲ್ಕೇ ಗೆರೆ, ಅಲ್ಲಿಯ ಶಿಶುವಿಹಾರದ ಮಗುವೂ ಬರೆಯುತ್ತದೆ. ಒಂದರ ಮೇಲೊಂದು ಎರಡು ಬೆಂಕಿ ಇಟ್ಟರೆ ಸುಡುಬಿಸಿಲು, ಉರಿ. ದೇಹದ ಒಳಗಿನ ಉರಿಯೂತಕ್ಕೂ ಅದೇ ಅಕ್ಷರ. (ಇದನ್ನು ಕೇಳಿ ವಸುಧಾ, "ಹಂಗಾದ್ರೆ ನನ್ನ ವಾರ್ಡೆಲ್ಲ ಬರೀ ಎರಡು ಬೆಂಕಿ ಬಿಡ್ರಿ" ಎಂದಳು.) ಮೂರಾದರೆ ಜ್ವಾಲೆ. ನಾಲ್ಕಾದರೆ ಐವಿ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ಹದಿನಾರು ಗೆರೆ. ಉಚ್ಚಾರ ಮಾತ್ರ 'ಯೀ', ಇಷ್ಟು ಸೌದೆ ಒಟ್ಟಿದ್ದಕ್ಕೆ ಇಷ್ಟೇ ಸದ್ದು.

"ಇದನ್ನ ಎಲ್ಲೆಲ್ಲಿ ಬಳಸ್ತಾರೆ?" ಎಂದು ಕೇಳಿದೆ.

"ಎಲ್ಲೂ ಇಲ್ಲ."

"ಎಲ್ಲೂ ಇಲ್ಲ ಅಂದ್ರೆ?"

"ನಿಘಂಟಲ್ಲಿ ಇದೆ. ಬೆಂಕಿಯ ತೋರಿಕೆ ಅಂತ ಒಂದು ಸಾಲು ಬರೆದಿದ್ದಾರೆ. ಅಡುಗೆಗೆ, ಕಾಗದಕ್ಕೆ, ಪೇಪರಿಗೆ ಬರೋದಿಲ್ಲ. ಮಕ್ಕಳಿಗೆ ಹೆಸರಿಡೋಕೆ ಮಾತ್ರ ಅದನ್ನ ಎಬ್ಬಿಸಿ ತರ್ತಾರೆ."

ಅಲ್ಲಿಯ ಕೆಲವರಲ್ಲಿ ಒಂದು ರೂಢಿಯಂತೆ. ಮಗು ಹುಟ್ಟಿದ ಗಳಿಗೆ ನೋಡಿ ಅದರ ಜಾತಕದಲ್ಲಿ ನೀರು, ಬೆಂಕಿ, ಮಣ್ಣು, ಮರ, ಲೋಹ ಈ ಐದರಲ್ಲಿ ಯಾವುದು ಕಡಿಮೆ ಎಂದು ಹೇಳುತ್ತಾರೆ. ಕಡಿಮೆಯಿದ್ದದ್ದನ್ನು ಹೆಸರಿನಲ್ಲಿ ತುಂಬುತ್ತಾರೆ. ಐವಿಯವರಿಗೆ ಬೆಂಕಿ ಸ್ವಲ್ಪ ಕಡಿಮೆಯಲ್ಲ, ಇರಲೇ ಇಲ್ಲವಂತೆ. ಅವರ ಅಪ್ಪ ರೇಷ್ಮೆ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಆಳು. "ದಿನವಿಡೀ ಬೆಂಕಿ ಮುಂದೆ ಬೇಯ್ತೀನಿ, ನನ್ನ ಮಗಳಿಗೆ ಬೆಂಕಿ ಇಲ್ವಾ!" ಎಂದು ಸಿಟ್ಟುಮಾಡಿಕೊಂಡು, ಗಿರಣಿಯ ಗುಮಾಸ್ತನ ಹತ್ತಿರ ಹೋಗಿ, ನಿಘಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಂಕಿಯಿರುವ ಅಕ್ಷರ ಹುಡುಕಿಕೊಡು ಎಂದು ಕೂತುಬಿಟ್ಟನಂತೆ.

ನಾನು ಕೂತಲ್ಲೇ ಮುಂದಕ್ಕೆ ಸರಿದೆ. ಯಾಕೆಂದರೆ ನನ್ನದೂ ಅಂಥದೇ ಕಥೆ. ನನ್ನದು ಆರಿದ್ರಾ ನಕ್ಷತ್ರ, ಮೂರನೆಯ ಪಾದ. 'ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ' ಎನ್ನುವ ಆ ಮಳೆಯ ನಕ್ಷತ್ರವೇ. (ಈಗ ಜೀವಮಾನವಿಡೀ ಆರಿದ್ರೆಯೇ ಇರುವ ದೇಶದಲ್ಲಿದ್ದೇನೆ.) ಪಂಚಾಂಗದಲ್ಲಿ ಒಂದೊಂದು ಪಾದಕ್ಕೂ ಒಂದೊಂದು ಅಕ್ಷರ ಗೊತ್ತುಮಾಡಿದ್ದಾರೆ, ಮಗುವಿನ ಹೆಸರು ಅದರಿಂದ ಶುರುವಾಗಬೇಕು. ಆರಿದ್ರೆಗೆ ಕು, ಘ, ಙ, ಛ. ನನ್ನ ಪಾಲಿಗೆ ಬಂದದ್ದು ಙ.

ಕ ಖ ಗ ಘ ಙ ಎಂದು ನಾವೆಲ್ಲ ಒದರಿದ್ದೇವೆ. ಙ ಬಂದ ಕೂಡಲೇ ಮೂಗಿನಲ್ಲಿ ಒಂದು ರಾಗ ಎಳೆದು ಚ ಛ ಜಕ್ಕೆ ಓಡಿದ್ದೇವೆ. ಆಮೇಲೆ ಅದನ್ನು ಯಾರಾದರೂ ಬರೆದದ್ದುಂಟೇ? ಅರಸೀಕೆರೆಯಲ್ಲಿ ನನ್ನ ನಾಮಕರಣದ ದಿನ ಪುರೋಹಿತರು ಬಹಳ ಹೊತ್ತು ತಲೆ ಕೆರೆದುಕೊಂಡು, "ಶಾಸ್ತ್ರಕ್ಕೆ ಅಕ್ಕಿ ಮೇಲೆ ಙ ಬರೀರಿ, ಕರೆಯೋಕೆ ಪಕ್ಕದ ಪಾದದ ಘ ಇಟ್ಕೊಳ್ಳಿ" ಎಂದರಂತೆ. ನಮ್ಮಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಅಪ್ಪನಾದವನು ಚಿನ್ನದ ಉಂಗುರದಿಂದ ಅದರ ಮೇಲೆ ಹೆಸರು ಬರೆಯಬೇಕಲ್ಲ. ನಮ್ಮಪ್ಪ ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಎಳೆಯಷ್ಟೂ ತಪ್ಪದ ಕೈ. ಅಂಥ ಕೈ ಅಕ್ಕಿಯ ಮೇಲೆ ತಡವರಿಸಿತು. ಸೋದರತ್ತೆ ಬಗ್ಗಿ ನೋಡಿ, "ಅಣ್ಣಾ, ಅದು ಜ ಆಯ್ತು ಕಣೋ!" ಎಂದು ಕೂಗಿದಳಂತೆ. ಹೀಗೆ ನನಗೆ ನಿಜವಾಗಿ ಇಟ್ಟ ಅಕ್ಷರ ಯಾವುದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಇದನ್ನು ಕೇಳಿ ಐವಿ ಗುಡಾರ ಅಲುಗಾಡುವಂತೆ ನಕ್ಕರು. ಆಮೇಲೆ ಅವರು ನನ್ನನ್ನು ಷೇಮಸ್ ಎನ್ನಲಿಲ್ಲ. "ಘನ" ಎಂದು, ಘಕಾರವನ್ನು ಗಂಟಲಿನಿಂದ ಎತ್ತಿ, ಕಷ್ಟಪಟ್ಟು ಕರೆದರು. ಆ ಕಷ್ಟಕ್ಕೆ ನಾನು ಏನಾದರೂ ಮಾಡಬೇಕು ಅನ್ನಿಸಿತು. ನವೆಂಬರಿನಲ್ಲಿ ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಅವರ ನಿಜವಾದ ಅಕ್ಷರ ಅಚ್ಚು ಹಾಕಿಸಿ ಒಂದು ಮಗ್ ಕೊಡೋಣ ಎಂದು ನಾನೇ ಡೆಕ್ಲನ್ನನಿಗೆ ಹೇಳಿದೆ, ನಾನೇ ಆರ್ಡರ್ ಮಾಡಿದೆ. ನನ್ನ ಪರದೆಯ ಮೇಲೆ ನಾಲ್ಕು ಬೆಂಕಿಯೂ ಚೆನ್ನಾಗಿ ಉರಿಯುತ್ತಿತ್ತು. ಮಗ್ ಬಂತು. ಡಬ್ಬಿ ಬಿಚ್ಚದೆ ಅದರ ಮೇಲೇ ಬಣ್ಣದ ಕಾಗದ ಸುತ್ತಿದೆ. ಮೂವತ್ತು ವರ್ಷ ತಪ್ಪು ಹುಡುಕಿದವನು ಒಂದು ಡಬ್ಬಿ ಬಿಚ್ಚಿ ನೋಡಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತು ಎನ್ನುತ್ತಾರಲ್ಲ, ಹಾಗೆ.

ಹುಟ್ಟುಹಬ್ಬದ ದಿನ ಅಲಾಟ್‌ಮೆಂಟಿನ ಶೆಡ್ಡಿನಲ್ಲಿ ಹದಿನೈದು ಜನ ಚಹಾ ಹಿಡಿದು ನಿಂತಿದ್ದರು. ಐವಿ ಕಾಗದ ಬಿಚ್ಚಿ, ಮಗ್ ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆ ಖಾಲಿ ಚೌಕ ನನಗೂ ಕಂಡಿತು. ಅವರ ಮುಖದಲ್ಲಿದ್ದ ನಗು ಹಾಗೇ ಇತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ.

"ಇಲ್ಲಿಗೂ ಬಂತು," ಎಂದು ಮೆಲ್ಲಗೆ ಹೇಳಿ, ಮಗ್ಗನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಮನೆಗೆ ಬಂದು ಮಗಳು ಅದಿತಿಗೆ ತೋರಿಸಿದೆ. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಡಬ್ಲಿನ್ನಿನದು. "ಅಪ್ಪಾ, ದೇರ್ ಫಾಂಟ್ ಡಿಡಂಟ್ ಹ್ಯಾವ್ ಇಟ್, ಲೈಕ್. ಯೂ ಟೆಸ್ಟ್ ದಿಸ್ ಸ್ಟಫ್ ಫಾರ್ ಅ ಲಿವಿಂಗ್!" ಎಂದಳು. ಮಗ್ ಅಚ್ಚು ಹಾಕಿದವರ ಯಂತ್ರದಲ್ಲಿ ಆ ಅಕ್ಷರವೇ ಇರಲಿಲ್ಲ. ವಸುಧಾ, "ಬೈಬೇಡ ಸುಮ್ನಿರೇ, ಅವರಿಗೇ ಬೇಜಾರಾಗೈತೆ. ರೀ, ನೀವು ಮೊದ್ಲು ಹೋಗಿ ಅವರ ಹತ್ರ ಮಾತಾಡಿ" ಎಂದಳು.

ಐವಿಯವರಿಗೆ ಡನ್ ಲಿಯರಿಯ ಸಮುದ್ರದ ಕಟ್ಟೆಯ ಮೇಲೆ ನಡೆಯುವುದು ಇಷ್ಟ. ಮುಂದಿನ ಭಾನುವಾರ ಟ್ರೈನಿನಲ್ಲಿ ಕರೆದುಕೊಂಡು ಹೋದೆ. ಗಾಳಿ ಇಬ್ಬರನ್ನೂ ಹಿಂದಕ್ಕೆ ನೂಕುತ್ತಿತ್ತು. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ, ಅವರೇ ಮಾತು ತೆಗೆದರು.

"ಆ ಚೌಕ ನನಗೆ ಹಳೇ ಪರಿಚಯ, ಘನ. ನಮ್ಮೂರಲ್ಲಿ ಕಾಗದಪತ್ರ ಎಲ್ಲ ಕಂಪ್ಯೂಟರಿಗೆ ಹತ್ತಿಸಿದಾಗ ನನ್ನ ಹೆಸರಿನ ಜಾಗದಲ್ಲಿ ಇದೇ ಚೌಕ ಬಂತು. ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ, ಅಕ್ಕಾ, ಈ ಅಕ್ಷರ ಇಲ್ಲಿಲ್ಲ, ಅದೇ ಸದ್ದಿನ ಸುಲಭದ್ದು ಒಂದು ಹಾಕ್ತೀನಿ ಅಂದಳು. ನಾವು ಇಲ್ಲಿಗೆ ಬರೋ ಅವಸರದಲ್ಲಿದ್ವಿ. ಆಗಲಿ ಅಂದೆ."

"ನಿಮ್ಮ ಅಪ್ಪ ಏನಂದ್ರು?"

"ಹೇಳಲೇ ಇಲ್ಲ." ಅವರು ಸಮುದ್ರದ ಕಡೆ ತಿರುಗಿದರು. "ಅವನಿಗೆ ಓದು ಬರ್ತಿರಲಿಲ್ಲ. ಜೀವಮಾನದಲ್ಲಿ ಕಷ್ಟಪಟ್ಟು ಕಲಿತಿದ್ದು ಅದೊಂದು ಅಕ್ಷರ. ಬಾಯ್ಲರ್ ಮುಂದೆ ಬೂದಿ ಹರಡಿ, ಸಲಾಕೆಯಿಂದ ಬರೆದು ತೋರಿಸ್ತಿದ್ದ. ಕೆಳಗಿನ ಎರಡು ಬೆಂಕಿ ಯಾವಾಗಲೂ ದೊಡ್ಡದು. ಕೆಳಗೆ ಚೆನ್ನಾಗಿ ಹಾಕಿದ್ರೆ ಮೇಲಿನದು ತಾನಾಗಿ ಹತ್ಕೊಳ್ತದೆ ಮಗಳೇ ಅಂತಿದ್ದ. ನಾನು ಒಂದು ಮಾತೂ ಆಡದೆ ಎಲ್ಲ ಆರಿಸಿ ಬಂದೆ. ಅವನು ಸಾಯೋವರೆಗೂ ನಾನು ನಾಲ್ಕು ಬೆಂಕಿ ಅಂತಲೇ ತಿಳ್ಕೊಂಡಿದ್ದ."

ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಎಂದು ಅವರೂ ನಾನೂ ಒಪ್ಪಿಕೊಂಡೆವು.

ಫೆಬ್ರವರಿಯಲ್ಲಿ ಒಂದು ಸಂಜೆ ಐವಿ ನಮ್ಮ ಮನೆಗೇ ಬಂದರು. ಫೋನಿಗೆ ಬಂದ ಸುದ್ದಿ ಹೇಳಿದರು. ಊರಿನಲ್ಲಿ ಅಪ್ಪನ ಸಮಾಧಿಯ ಕಲ್ಲು ಬಿರುಕು ಬಿಟ್ಟಿದೆ, ಅವರ ತಮ್ಮನ ಮಗ ಹೊಸದು ಹಾಕಿಸುತ್ತಿದ್ದಾನೆ. ಏಪ್ರಿಲ್ ಮೊದಲಲ್ಲಿ ಅವರ ಹಿರಿಯರ ಹಬ್ಬ, ಎಲ್ಲರೂ ಗುಡ್ಡ ಹತ್ತಿ ಸಮಾಧಿ ಗುಡಿಸುವ ದಿನ. ಅಷ್ಟರೊಳಗೆ ಕಲ್ಲು ನಿಲ್ಲಬೇಕು. ಸಮಾಧಿಯ ಮೇಲೆ ಅದನ್ನು ನಿಲ್ಲಿಸಿದ ಮಕ್ಕಳ ಹೆಸರೂ ಕೆತ್ತುವುದು ಅವರ ಪದ್ಧತಿ. ಹಳೆಯ ಕಲ್ಲಿನಲ್ಲಿ ಗಂಡುಮಕ್ಕಳದು ಮಾತ್ರ ಇತ್ತು. ಈ ಸಲ ಅತ್ತೆಯ ಹೆಸರೂ ಇರಲಿ ಎಂದು ಹುಡುಗ ಹಟ ಮಾಡಿದ್ದಾನೆ. ಕಲ್ಲುಕುಟಿಗನ ಯಂತ್ರದಲ್ಲಿ ಆ ಅಕ್ಷರ ಇಲ್ಲ. ಒಂದೋ ಕಾಗದದಲ್ಲಿರುವ ಸುಲಭದ ಹೆಸರು, ಇಲ್ಲದಿದ್ದರೆ ಕೈಯಲ್ಲಿ ದೊಡ್ಡದಾಗಿ ಬರೆದು ಕಳಿಸಿ, ಅದರ ಮೇಲೇ ಕೆತ್ತುತ್ತೇನೆ ಎಂದಿದ್ದಾನಂತೆ.

ಐವಿ ಚೀಲದಿಂದ ಕಾಗದದ ಕಟ್ಟು ತೆಗೆದರು. ಒಂದೊಂದರಲ್ಲೂ ಕುಂಚ ಹಾರಿ, ಗೆರೆ ಗರಗಸವಾಗಿತ್ತು.

ಅದಿತಿ ಕೂಡಲೇ, "ಐ ಕ್ಯಾನ್ ಪ್ರಿಂಟ್ ಇಟ್ ಹ್ಯೂಜ್, ಐವಿ. ಇಟ್ಸ್ ಗ್ರ್ಯಾಂಡ್," ಎಂದು ಲ್ಯಾಪ್‌ಟಾಪ್ ತಿರುಗಿಸಿದಳು. ಪರದೆ ತುಂಬ ನಾಲ್ಕು ಬೆಂಕಿ, ಅಳೆದು ಕತ್ತರಿಸಿದಂತೆ ಸಮವಾಗಿ.

ಐವಿ ತಲೆಯಾಡಿಸಿದರು. "ಇದು ಅಕ್ಷರ. ನನ್ನ ಹೆಸರಲ್ಲ. ಕೆಳಗಿನದು ದೊಡ್ಡದಿಲ್ಲ ನೋಡು. ಅಪ್ಪನಿಗೆ ಬೇರೆ ಓದು ಬರಲ್ಲ, ಇದೊಂದನ್ನಾದರೂ ಅವನು ಗುರುತು ಹಿಡಿಯಬೇಕು."

ನನ್ನ ತಲೆಯಲ್ಲಿ ಬಾಯ್ಲರಿನ ಮುಂದಿನ ಬೂದಿ ಸುಳಿಯುತ್ತಿತ್ತು. ಬೂದಿಯಿಂದ ಅದು ಯಾವಾಗ ಅರಸೀಕೆರೆಯ ಅಕ್ಕಿಯ ತಟ್ಟೆಗೆ ಹೋಯಿತೋ ತಿಳಿಯದು.

"ವಸು, ದೊಡ್ಡ ಸ್ಟೀಲ್ ತಟ್ಟೆ ಎಲ್ಲೈತೆ?"

"ಈಗ್ಯಾಕ್ರೀ ತಟ್ಟೆ?"

"ತಾ ಹೇಳ್ತೀನಿ. ಅಕ್ಕೀನೂ ತಾ."

ವಸುಧಾ ಸೋನಾ ಮಸೂರಿ ಸುರಿದು ತಟ್ಟೆ ಅಲ್ಲಾಡಿಸಿ ಸಮ ಮಾಡಿದಳು. ನಮ್ಮ ನಾಮಕರಣದ ಕ್ರಮ ಹೇಳಿದೆ. ಐವಿ ಗಮನವಿಟ್ಟು ಕೇಳಿದರು. ಉಂಗುರ ಬೇಡವೆಂದು ತೋರುಬೆರಳನ್ನೇ ಅಕ್ಕಿಯೊಳಗೆ ಇಳಿಸಿದರು. ವಸುಧಾ ಡಾಕ್ಟರ ದನಿಯಲ್ಲಿ, "ತಟ್ಟೆ ತಳ ಮುಟ್ಟೋವರೆಗೆ ಒತ್ತಿ. ಭಾರ ಬಿಟ್ರೆ ನಡುಕ ಕಡಿಮೆ ಆಗತ್ತೆ," ಎಂದಳು. ಬೆರಳು ತಳ ಮುಟ್ಟಿತು. ಸುತ್ತಲಿನ ಅಕ್ಕಿ ಅದನ್ನು ಹಿಡಿದುಕೊಂಡಿತು. ಮೊದಲ ಸಲ ಒಂದು ಬೆಂಕಿ ಸೊಟ್ಟಗಾಯಿತು. ತಟ್ಟೆ ಅಲ್ಲಾಡಿಸಿದರೆ ಆಯಿತು, ಕಾಗದವೇನೂ ಹಾಳಾಗಲಿಲ್ಲ. ಆರನೆಯ ಸಲವೋ ಏಳನೆಯ ಸಲವೋ ಹದಿನಾರು ಗೆರೆಯೂ ನಿಂತವು. ಸ್ವಲ್ಪ ಅಲುಗಿದ ಗೆರೆಗಳು, ಆದರೆ ಬೆಂಕಿ ಅಲುಗದೆ ಇರುತ್ತದೆಯೇ? ಕೆಳಗಿನ ಎರಡು ದೊಡ್ಡವು. ಅದಿತಿ ಕುರ್ಚಿ ಹತ್ತಿ ಮೇಲಿನಿಂದ ಫೋಟೋ ತೆಗೆದಳು, ಆ ಗಳಿಗೆಯಲ್ಲೇ ಚೀನಾಕ್ಕೆ ಹೋಯಿತು.

ಐವಿ ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಆಮೇಲೆ ಅಲ್ಲಾಡಿಸಿ ಸಮ ಮಾಡಿ ನನ್ನ ಕಡೆ ತಳ್ಳಿದರು.

"ಈಗ ನಿನ್ನದು ಬರೆ. ಅಪ್ಪ ತಪ್ಪು ಬರೆದಿದ್ದನಲ್ಲ, ಅದು."

ನಾನು ಉಂಗುರ ತೆಗೆದು ಠೀವಿಯಿಂದ ಅಕ್ಕಿಯ ಮೇಲಿಟ್ಟೆ. ಅಲ್ಲೇ ನಿಂತೆ. ಙ ಎಲ್ಲಿಂದ ಶುರುವಾಗಿ ಯಾವ ಕಡೆ ಸುತ್ತುತ್ತದೆ ಎಂಬುದು ನೆನಪಿಗೆ ಬರಲಿಲ್ಲ. ಅರವತ್ತು ವರ್ಷ ಅಪ್ಪನ ತಪ್ಪಿಗೆ ನಕ್ಕಿದ್ದೆ. ಕೊನೆಗೆ ಮಗಳು ಫೋನಿನಲ್ಲಿ ಹುಡುಕಿ ತೋರಿಸಿದಳು, ನೋಡಿಕೊಂಡು ಬರೆದೆ. ಆ ಅಕ್ಕಿಯಲ್ಲೇ ಅಂದು ಅನ್ನವಾಯಿತು. ದಂಟಿನ ಕಾಲವಲ್ಲವಾದ್ದರಿಂದ ಪಾಲಕ್ ಹುಳಿ. ಐವಿ ಎರಡು ಸಲ ಬಡಿಸಿಕೊಂಡು, ಬೆಳ್ಳುಳ್ಳಿ ಸಾಲದು ಎಂದರು.

ಏಪ್ರಿಲ್‌ನಲ್ಲಿ, ನಾವು ಗುಡಾರದಲ್ಲಿ ದಂಟಿನ ಬೀಜ ಹಾಕುತ್ತಿದ್ದಾಗ, ಅವರ ಫೋನು ಸದ್ದುಮಾಡಿತು. ಗುಡ್ಡದ ಮೇಲೆ ಹೊಸ ಕಲ್ಲು. ಬದುಕಿರುವವರ ಹೆಸರಿಗೆ ಅಲ್ಲಿ ಕೆಂಪು ಬಣ್ಣ ತುಂಬುತ್ತಾರಂತೆ. ಕಪ್ಪು ಕಲ್ಲಿನ ಒಂದು ಮೂಲೆಯಲ್ಲಿ ಕೆಂಪಗೆ ನಾಲ್ಕು ಬೆಂಕಿ, ಕೆಳಗಿನ ಎರಡು ದೊಡ್ಡವು. ಐವಿ ಬೆರಳಿನಿಂದ ಫೋಟೋ ಹಿಗ್ಗಿಸಿ, ಹುಬ್ಬು ಗಂಟಿಕ್ಕಿ, ನನಗೆ ತೋರಿಸಿದರು. ಕೊನೆಯ ಬೆಂಕಿಯ ಕಾಲಿನ ಪಕ್ಕದಲ್ಲಿ, ಎಲ್ಲ ಗೆರೆಗಳಿಂದ ಬಿಡಿಯಾಗಿ, ಉದ್ದನೆಯ ಒಂದು ಸಣ್ಣ ಚುಕ್ಕೆ ಇತ್ತು. ಅದೂ ಆಳವಾಗಿ ಕೆತ್ತಿದ್ದು, ಅದಕ್ಕೂ ಕೆಂಪು ಬಣ್ಣ.

ತಮ್ಮನ ಮಗ ಕೆಳಗೆ ಬರೆದಿದ್ದನಂತೆ. "ಅತ್ತೆ, ಈ ಹದಿನೇಳನೆಯ ಗೆರೆ ಯಾಕೆ ಅಂತ ಕಲ್ಲುಕುಟಿಗ ಕೇಳ್ತಿದ್ದ. ಹಳೇ ಕಾಲದ ಬರವಣಿಗೆ ಇರಬೇಕು ಅಂತ ಹೇಳಿ ಅದನ್ನೂ ಕೆತ್ತಿಸಿದೆ."

ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಗೆರೆಯೊಳಗೆ ಒಂದು ಅಕ್ಕಿ ಕಾಳು ಜಾರಿ ಬಿದ್ದು, ಅದು ಮಲಗಿದ್ದ ಜಾಗ ಫೋಟೋದಲ್ಲಿ ಕಾಳಿನ ಅಚ್ಚಾಗಿ ಕಪ್ಪಗೆ ಉಳಿದಿತ್ತು. ಈ ಸಲವೂ ನಾನು ಸರಿಯಾಗಿ ನೋಡಿರಲಿಲ್ಲ. ಮೂವತ್ತು ವರ್ಷದ ಟೆಸ್ಟರ್!

"ಐವಿ, ದಯವಿಟ್ಟು ಕ್ಷಮಿಸಿ, ಅದು ಅಕ್ಕಿ..."

ಅವರು ನಗುತ್ತಿದ್ದರು. ನಗು ಹೆಚ್ಚಾಗಿ ಚಮಚದ ಬೀಜವೆಲ್ಲ ಚೆಲ್ಲಿತು. ಆಮೇಲೆ ಆ ನಗು ಅಳುವಾಯಿತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ, ಗುಡಾರದೊಳಗೆ ದೂರಲು ಗಾಳಿಯೂ ಇರಲಿಲ್ಲ. ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹೇಳಿದರು.

"ಇರಲಿ ಬಿಡು, ಘನ. ಇಷ್ಟು ವರ್ಷ ಆದಮೇಲೆ ಮಗಳು ಬಂದಿದ್ದಾಳೆ. ಬರಿಗೈಲಿ ಬಂದಳು ಅಂತ ಅಪ್ಪ ಅನ್ನೋದಿಲ್ಲ."